ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಅಳತೆ ಕೊಟ್ಟು ಹೊಲಿಸಿದ ಜೀನ್ಸ್, ಜಿನೋವಾ ನೋಡಿ ಬಂದವನ ರಿವ್ಯೂ

ಪ್ಯಾಂಟ್ ಹೆಂಗೈತೆ ಅಂತ ಅಷ್ಟೇ ಗೊತ್ತಾದ್ರೆ ಸಾಕು ಅನ್ನೋರಿಗೆ ಮೊದ್ಲೇ ಹೇಳಿಬಿಡ್ತೀನಿ. ಭಾಳ ಚೆನ್ನಾಗೈತೆ, ಹೋಗಿ ಹೊಲಿಸ್ರಿ, ಐದಕ್ಕೆ ಐದು ಸ್ಟಾರ್ ಕೊಟ್ಟೀನಿ. ಹೇಳಿದ ದಿನಕ್ಕೆ ಸಿಗಲಿಲ್ಲ ಅನ್ನೋದೊಂದೇ ಕಂಪ್ಲೇಂಟು, ಹೊಲಿದ ಪ್ಯಾಂಟನ್ನ ಒಗೆಯೋಕೆ ಕಳಿಸಿದ್ದು ವಾಷಿಂಗ್‌ನಿಂದ ವಾಪಸ್ ಬರೋದು ತಡ ಆಗಿ ನಾಲ್ಕು ದಿನ ಲೇಟಾಯ್ತು, ಅದಕ್ಕೆ ಸ್ಟಾರ್ ಕಡಿಮೆ ಮಾಡೋಕೆ ಮನಸ್ಸು ಬರಲಿಲ್ಲ. ಯಾಕೆ ಅನ್ನೋದೇ ಮುಂದಿನ ಉದ್ದನೆ ಕಥೆ.

ನಾನು ಬಳ್ಳಾರಿಯವನು, ಹಡಗಿನ ಎಂಜಿನ್ ರೂಮಲ್ಲಿ ಕೆಲಸ. ವರ್ಷಕ್ಕೆ ಏಳೆಂಟು ತಿಂಗಳು ಸಮುದ್ರದ ಮೇಲೆ, ಉಳಿದಿದ್ದು ಊರಲ್ಲಿ. ಎಂಜಿನ್ ರೂಮಿನ ಬಿಸಿ, ಎಣ್ಣೆ, ಕಬ್ಬಿಣದ ಮೆಟ್ಟಿಲು ಇದಕ್ಕೆಲ್ಲ ತಡಿಯೋ ಪ್ಯಾಂಟ್ ಬೇಕಿತ್ತು, ರೆಡಿಮೇಡ್ ತಗೊಂಡ್ರೆ ಮೂರೇ ತಿಂಗಳಿಗೆ ಮೊಣಕಾಲಲ್ಲಿ ಹರೀತದೆ. ಈ ಸಲ ಅಮ್ಮ ಹೇಳಿದ್ರು, ಊರಲ್ಲಿ ಮನೆಮನೆಗೂ ಜೀನ್ಸ್ ಮಿಷನ್ ಇರುವಾಗ ನೀನ್ಯಾಕೋ ಹೊರಗೆ ದುಡ್ಡು ಸುರಿತೀಯಾ ಅಂತ. ಸರಿ ಅಂತ ಈ ಅಂಗಡಿಗೆ ಬಂದೆ.

ಅಂಗಡಿ ಅಂದ್ರೆ ಒಂದು ರೂಮು, ನಾಲ್ಕು ಮಿಷನ್ನು, ಗೋಡೆಗೆ ಒರಗಿಸಿಟ್ಟ ಡೆನಿಮ್ ಥಾನುಗಳು. ಹೊಲಿಯೋ ಚಾಚಾ ಕೂತಲ್ಲೇ ನನ್ನ ಹಳೇ ಪ್ಯಾಂಟ್ ಇಸ್ಕೊಂಡು ಒಳಗು ಹೊರಗು ಮಾಡಿ ಮೊಣಕಾಲ ಹತ್ರ ಹೆಬ್ಬೆರಳು ಉಜ್ಜಿ ನೋಡಿದ್ರು, "ಹರಿದಿದ್ದು ಬಟ್ಟಿ ಅಲ್ಲ ತಮ್ಮಾ, ಹೊಲಿಗಿ ಎಳದೈತಿ, ಅದರ ಹಿಂದ ಬಟ್ಟಿ ಹೋಗೈತಿ" ಅಂದ್ರು. ಆಮೇಲೆ ಅಳತೆ. ನಿಂತಾಗ ಒಂದು, ಕುಕ್ಕರಗಾಲಲ್ಲಿ ಕೂರಿಸಿ ಇನ್ನೊಂದು, ಯಾಕಂದ್ರೆ ಎಂಜಿನ್ ಕೆಳಗೆ ಹಂಗೇ ಕೂತು ಕೆಲಸ ಮಾಡ್ತೀನಿ ಅಂತ ಹೇಳಿದ್ದೆ. ಹಿಂಗೆ ಕೂರಿಸಿ ಅಳತೆ ತಗೊಂಡ ಟೈಲರ್‌ನ ನಾನು ಇವತ್ತಿನವರೆಗೂ ನೋಡಿಲ್ಲ. ತೊಡೆ ಒಳಗಿನ ಹೊಲಿಗೆನ ಎರಡು ಅಂಚು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದಾರೆ, ಒಳಗಿಂದ ನೋಡಿದ್ರೂ ಒಂದು ದಾರದ ತುದಿ ಹೊರಗೆ ಕಾಣಲ್ಲ.

ಈಗ ಜಿನೋವಾ ಮಾತು. ಇಟಲಿಯ ಈ ಬಂದರಲ್ಲಿ ಹೋದ ಟ್ರಿಪ್‌ನಲ್ಲಿ ನಮ್ಮ ಹಡಗು ಒಂದು ಪಾರ್ಟ್ ಬರೋದು ತಡ ಆಗಿ ನಾಲ್ಕು ದಿನ ನಿಂತಿತ್ತು, ಕಂಟೇನರ್ ಹಡಗು ಅಷ್ಟು ದಿನ ನಿಲ್ಲೋದು ಅಪರೂಪ. ದಿನಾ ಡ್ಯೂಟಿ ಮುಗಿಸಿ ಊರು ಸುತ್ತಿದೆ. ಅಲ್ಲಿಗೆ ಹೋಗೋತನಕ ನನಗೆ ಗೊತ್ತಿರಲಿಲ್ಲ, ಜೀನ್ಸ್ ಅನ್ನೋ ಹೆಸರೇ ಆ ಊರಿಂದು ಅಂತ. ಫ್ರೆಂಚರು ಜಿನೋವಾನ ಝೆನ್ ಅಂತಾರೆ, ಅಲ್ಲಿಂದ ಹಡಗಲ್ಲಿ ಹೋಗ್ತಿದ್ದ ಗಟ್ಟಿ ಬಟ್ಟೆಗೆ ಇಂಗ್ಲೆಂಡಲ್ಲಿ ಜೀನ್ ಅನ್ನೋ ಹೆಸರು ಬಿತ್ತು, 16ನೇ ಶತಮಾನದಲ್ಲೇ. ಆಗಿನ ಬಟ್ಟೆ ಈಗಿನ ಡೆನಿಮ್ ಅಲ್ಲ, ಹತ್ತಿಗೆ ಬೇರೆ ನೂಲು ಬೆರೆಸಿ ನೇಯ್ದ ದಪ್ಪ ಬಟ್ಟೆ, ಅಗ್ಗದ್ದು, ಕೂಲಿಯವರು, ಹಡಗಿನವರು ಹಾಕ್ಕೊಳ್ಳೋದು. ಡೆನಿಮ್ ಅನ್ನೋದು ಫ್ರಾನ್ಸಿನ ನೀಮ್ ಊರಿನ ಹೆಸರಿಂದ ಬಂತು ಅಂತಾರೆ. ಇನ್ನು ತಾಮ್ರದ ರಿವೆಟ್ ಬಡಿದ ಪ್ಯಾಂಟಿಗೆ ಅಮೆರಿಕಾದಲ್ಲಿ ಲೀವೈ ಸ್ಟ್ರಾಸ್, ಜೇಕಬ್ ಡೇವಿಸ್ ಇಬ್ಬರಿಗೂ ಪೇಟೆಂಟ್ ಸಿಕ್ಕಿದ್ದು 1873ರಲ್ಲಿ. ನೀಲಿ ಮಾತ್ರ ನಮ್ಮದು. ಆ ನೀಲಿ ಬಣ್ಣಕ್ಕೆ ಹೇಳೋ ಇಂಡಿಗೋ ಅನ್ನೋ ಮಾತಿನೊಳಗೇ ಇಂಡಿಯಾ ಐತೆ ನೋಡ್ರಿ.

ಜಿನೋವಾ ಹೆಂಗೈತೆ ಅಂದ್ರೆ, ಬೆನ್ನಿಗೆ ಬೆಟ್ಟ, ಮುಂದೆ ಸಮುದ್ರ, ನಡುವೆ ಊರು ಒತ್ತಿಟ್ಟಂಗೆ. ಬೆಳೆ ತೆಗೆಯೋಕೆ ಬಯಲು ಅಂತ ಇಲ್ಲ. ಅದಕ್ಕೇ ಆ ಜನ ಸಮುದ್ರ ನಂಬಿದ್ರು. ಆದ್ರೆ ಆ ಬೆಟ್ಟ ದಾಟಿದ್ರೆ ಮಿಲಾನ್, ಟ್ಯೂರಿನ್, ಇನ್ನೂ ಮೇಲಕ್ಕೆ ಸ್ವಿಟ್ಜರ್ಲೆಂಡ್, ಇವರಿಗೆಲ್ಲ ಹತ್ತಿರದ ಸಮುದ್ರ ಇದೇ, ಇವತ್ತಿಗೂ ನಮ್ಮ ಕಂಟೇನರ್‌ಗಳು ಅಲ್ಲಿ ಇಳಿದು ಲಾರಿ, ರೈಲು ಹತ್ತೋದು ಇದೇ ಕಾರಣಕ್ಕೆ. ಹಿಂದೆ ಜಿನೋವಾ ತಾನೇ ಒಂದು ರಾಜ್ಯ ಆಗಿತ್ತು, 1284ರಲ್ಲಿ ಮೆಲೋರಿಯಾ ಅನ್ನೋ ಪುಟ್ಟ ದ್ವೀಪದ ಹತ್ರ ಎದುರಾಳಿ ಊರು ಪೀಸಾದ ನೌಕಾಪಡೆನ ಮುರಿದು ಹಾಕಿದ್ರು. ವೆನಿಸ್ ಜೊತೆ ಅಂತೂ ತಲೆಮಾರುಗಟ್ಟಲೆ ಜಗಳ. ಕಪ್ಪು ಸಮುದ್ರದ ಕಫ್ಫಾದಿಂದ ಹಿಡಿದು ಏಜಿಯನ್‌ನ ಖಿಯೋಸ್ ದ್ವೀಪದ ತನಕ ಇವರ ವ್ಯಾಪಾರದ ಠಾಣ್ಯಗಳು. ಈಗಿನ ಟರ್ಕಿಯ ಫೋಚಾದಲ್ಲಿ ಪಟಿಕದ ಗಣಿ ಇವರ ಝಕಾರಿಯಾ ಮನೆತನದ ಕೈಲಿತ್ತು, ನೀಲಿ ಬಿಟ್ಟು ಬೇರೆ ಎಷ್ಟೋ ಬಣ್ಣ ಬಟ್ಟೆಗೆ ಹಿಡಿಬೇಕಂದ್ರೆ ಪಟಿಕ ಬೇಕೇ ಬೇಕು, ಯುರೋಪಿನ ನೇಕಾರರೆಲ್ಲ ಅದನ್ನ ಕೊಳ್ಳಲೇಬೇಕು. ಗಣಿ ಯಾರ ಕೈಲಿರುತ್ತೋ ದುಡ್ಡು ಅವರ ಕೈಲಿ, ಇದನ್ನ ಬಳ್ಳಾರಿಯವರಿಗೆ ಬಿಡಿಸಿ ಹೇಳೋದು ಬೇಡ.

ಬಂದರಿನ ಹತ್ರಾನೇ ಸಾನ್ ಜೋರ್ಜೋ ಅನ್ನೋ ಅರಮನೆ ಐತೆ, 1260ರಲ್ಲಿ ಕಟ್ಟಿಸಿದ್ದು, ಈಗ ಅಲ್ಲಿ ಬಂದರಿನ ಆಡಳಿತದ ಆಫೀಸು. 1407ರಲ್ಲಿ ಶುರುವಾದ ಸಾನ್ ಜೋರ್ಜೋ ಬ್ಯಾಂಕು ಅದರೊಳಗೇ ನಡೀತಿತ್ತು. ಸರ್ಕಾರಕ್ಕೆ ಸಾಲ ಕೊಟ್ಟ ಜನರೆಲ್ಲ ಒಟ್ಟು ಸೇರಿ ಆ ಸಾಲದ ಬದಲಿಗೆ ಊರಿನ ತೆರಿಗೆ ವಸೂಲಿ ತಮ್ಮ ಕೈಗೆ ತಗೊಂಡ್ರು, ಪಾಲಿನ ಪ್ರಕಾರ ಲಾಭ ಹಂಚ್ಕೊಂಡ್ರು, 1453ರಲ್ಲಂತೂ ಕಾರ್ಸಿಕಾ ದ್ವೀಪದ ಆಡಳಿತಾನೇ ಆ ಬ್ಯಾಂಕಿಗೆ ಬಂತು. ಮುಂದೆ ಸ್ಪೇನ್ ರಾಜರ ಯುದ್ಧಗಳಿಗೆ ಸಾಲ ಕೊಟ್ಟಿದ್ದೂ ಜಿನೋವಾದ ಸಾಹುಕಾರರೇ. ಆ ದುಡ್ಡಲ್ಲಿ ಕಟ್ಟಿದ ದೊಡ್ಡ ದೊಡ್ಡ ಮನೆಗಳ ಬೀದಿ 2006ರಲ್ಲಿ ಯುನೆಸ್ಕೋ ಪಟ್ಟಿ ಸೇರೈತೆ. ನಮ್ಮ ಹಂಪಿ 1986ರಲ್ಲೇ ಸೇರಿತ್ತು, ಅದು ಬೇರೆ ಮಾತು.

ಇದನ್ನೆಲ್ಲ ಟ್ರಯಲ್‌ಗೆ ಹೋದಾಗ ಚಾಚಾ ಮುಂದೆ ಹೇಳ್ತಾ ಕೂತಿದ್ದೆ, ಅವರು ಬಾಬಿನ್‌ಗೆ ದಾರ ಸುತ್ತುತ್ತಾ ಕೇಳಿದ್ರು, "ನೇಯೋರಿಗೆ ಏನ್ ಸಿಕ್ತು ತಮ್ಮಾ?" ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ಅವರೇ ಹೇಳಿದ್ರು ತಮ್ಮ ಲೆಕ್ಕ. ಬಟ್ಟೆ ಅಹಮದಾಬಾದ್ ಕಡೆಯಿಂದ ಉದ್ರಿ ಮೇಲೆ ಬರ್ತದೆ, ಕಟಿಂಗ್‌ಗೆ ಒಬ್ಬರು, ಹೊಲಿಗೆಗೆ ಒಬ್ಬರು, ಕಾಜಾ ಬಟನ್‌ಗೆ ಇನ್ನೊಬ್ಬರು, ಆಮೇಲೆ ವಾಷಿಂಗು, ಎಲ್ಲ ಮುಗಿದು ಮಾಲು ಹೊರಗಿನ ವ್ಯಾಪಾರಿ ಕೈಗೆ ಹೋದ್ಮೇಲೆ ದುಡ್ಡು ಬರೋಕೆ ತಿಂಗಳುಗಟ್ಟಲೆ, ಅಷ್ಟರಲ್ಲಿ ಅದೇ ಪ್ಯಾಂಟಿಗೆ ಯಾವುದೋ ಊರಿನ ಲೇಬಲ್ ಬಿದ್ದು ಮೂರು ಪಟ್ಟು ರೇಟಿಗೆ ಮಾರಾಟ ಆಗಿರ್ತದೆ. ಚಾಚಾರ ಮುತ್ತಜ್ಜ ಇಲ್ಲಿ ಬ್ರಿಟಿಷರ ಕಂಟೋನ್ಮೆಂಟ್ ಇದ್ದಾಗ ಸಿಪಾಯಿಗಳ ಯೂನಿಫಾರಂ ಹೊಲಿದವರಂತೆ. ಅಲ್ಲಿಂದ ಈ ಕೈ ನಿಂತಿಲ್ಲ, ಆದ್ರೆ ಒಂದು ಪ್ಯಾಂಟಿನ ಮೇಲೂ ಇವರ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲ. ನನಗೆ ಹೊಟ್ಟೆಲಿ ಚುರುಕ್ ಅಂದಿದ್ದು ಇಲ್ಲೇ. ಜಿನೋವಾದ ಗಲ್ಲಿಗಳಲ್ಲಿ ನಾನು ಸುತ್ತಿದಷ್ಟು ಕಡೆ ಒಂದು ಮಗ್ಗ ಕಾಣಲಿಲ್ಲ, ಆದ್ರೂ ಪ್ರಪಂಚದ ಪ್ರತಿ ಜೀನ್ಸ್ ಪ್ಯಾಂಟೂ ಆ ಊರಿನ ಹೆಸರು ಹೊತ್ಕೊಂಡು ತಿರುಗ್ತೈತೆ. ಇಲ್ಲಿ ಬೆಳಗಿಂದ ರಾತ್ರಿ ತನಕ ಮಿಷನ್ ಸದ್ದು ನಿಲ್ಲಲ್ಲ, ಹೆಸರು ಮಾತ್ರ ಬಳ್ಳಾರಿ ದಾಟಿದ ಕೂಡ್ಲೇ ಅಳಿಸಿ ಹೋಗ್ತದೆ.

ಜಿನೋವಾದ ಡಯೋಸೀಸ್ ಅಂದ್ರೆ ಚರ್ಚ್ ಆಡಳಿತದ ಮ್ಯೂಸಿಯಂನಲ್ಲಿ 14 ನೀಲಿ ಬಟ್ಟೆಗಳವೆ, 16ನೇ ಶತಮಾನದಿಂದ ಶುರುವಾದ ಸಾಲು ಅದು. ಅಗಸೆ ನಾರಿನ ಬಟ್ಟೆ, ಇಂಡಿಗೋದಲ್ಲಿ ಅದ್ದಿ, ಮೇಲೆ ಬರೀ ಬಿಳಿ ಬಣ್ಣದಲ್ಲಿ ಯೇಸುವಿನ ಕೊನೆ ದಿನಗಳ ಚಿತ್ರ ಬರೆದಿದ್ದಾರೆ. ಜೀನ್ಸಿನ ಅಜ್ಜ ಅಂತ ಅದನ್ನ ತೋರಿಸ್ತಾರೆ. ಒಳಗೆ ಹೋದ ತಕ್ಷಣ ಕಣ್ಣಿಗೆ ಬೀಳೋದು ಆ ನೀಲಿ, ನಮ್ಮ ವಾಷಿಂಗ್ ಯೂನಿಟ್ ಮುಂದೆ ಒಣಹಾಕಿದ ಪ್ಯಾಂಟಿನ ಸಾಲು ನೆನಪಾಗಿ ನಾನು ಸುಮಾರು ಹೊತ್ತು ಅಲ್ಲೇ ನಿಂತೆ. ಫೋಟೋ ಚಾಚಾಗೆ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ಚಿತ್ರ ಬಿಟ್ಟು ಬಟ್ಟೆಯ ಅಂಚನ್ನೇ ನೋಡ್ತಾ ಹೋದ್ರು, ಎರಡು ತುಂಡು ಕೂಡಿಸಿದಂಗೆ ಒಂದು ಗೆರೆ ಕಂಡ ಕಡೆ ನಿಲ್ಲಿಸಿ "ಇಲ್ಲಿ ಜೋಡ್ಸ್ಯಾರ, ಕೈ ಹೊಲಿಗಿ ಇರಬೇಕು, ಭಾಳ ಸಣ್ಣ ಕೈ" ಅಂದ್ರು. ಮ್ಯೂಸಿಯಂನಲ್ಲಿ ನಿಂತಿದ್ದ ಅಷ್ಟು ಹೊತ್ತಲ್ಲಿ ಆ ಹೊಲಿದ ಕೈ ನನಗೆ ಕಂಡಿರಲಿಲ್ಲ.

ಊಟದ ವಿಷಯ ಒಂದು ಹೇಳ್ಲೇಬೇಕು, ಅಲ್ಲಿ ಫಾರಿನಾತಾ ಅಂತ ಮಾಡ್ತಾರೆ, ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಅಷ್ಟೇ, ದೊಡ್ಡ ಪರಾತದಲ್ಲಿ ಹುಯ್ದು ಕಟ್ಟಿಗೆ ಒಲೆಲಿ ಬೇಯಿಸೋದು. ಮನೆ ಬಿಟ್ಟು ಐದು ತಿಂಗಳಾಗಿತ್ತು, ಆ ಕಡಲೆ ಹಿಟ್ಟಿನ ವಾಸನೆಗೆ ಒಗ್ಗರಣಿ ಮಿರ್ಚಿ ನೆನಪಾಗಿ ಕಣ್ಣಲ್ಲಿ ನೀರು ಬಂತು.

ಪ್ಯಾಂಟಿಗೆ ವಾಪಸ್ ಬರ್ತೀನಿ. ದಪ್ಪ ಬಟ್ಟೆ, ಹಾಸು ನೂಲು ನೀಲಿ, ಹೊಕ್ಕು ನೂಲು ಬಿಳಿ, ಸ್ಟ್ರೆಚ್ ಇಲ್ಲದ್ದು ಕೇಳಿ ತಗೊಂಡೆ. ಬಟ್ಟೆ, ಹೊಲಿಗೆ, ವಾಷಿಂಗ್ ಎಲ್ಲ ಸೇರಿ 950 ರೂಪಾಯಿ. ಮೊದಲ ಎರಡು ಸಲ ಒಗೆದಾಗ ನೀಲಿ ಬಿಡ್ತದೆ, ಬೇರೆ ಬಟ್ಟೆ ಜೊತೆ ಹಾಕಬೇಡ್ರಿ. ಜೇಬು ಆಳ ಐತೆ, ಸ್ಪ್ಯಾನರ್ ಹಿಡಿಸ್ತದೆ. ಮೊಣಕಾಲಿಗೆ ಒಳಗಡೆಯಿಂದ ಇನ್ನೊಂದು ಪದರ ಕೊಟ್ಟಾರೆ, ನಾನು ಕೇಳದೇನೇ. ಅರ್ಜೆಂಟ್ ಇರೋರು ಒಂದು ವಾರ ಜಾಸ್ತಿನೇ ಹಿಡ್ಕೊಂಡು ಕೊಡ್ರಿ, ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರ್ತದೆ.

ಹಿಂದೆ ಸೊಂಟದ ಪಟ್ಟಿ ಮೇಲೆ ಏನ್ ಲೇಬಲ್ ಹಾಕ್ಲಿ ಅಂತ ಕೇಳಿದಾಗ, ಡಬ್ಬದಲ್ಲಿ ಇಪ್ಪತ್ತು ತರ ಇಂಗ್ಲಿಷ್ ಹೆಸರಿನ ಪ್ಯಾಚ್ ಇದ್ವು. ಯಾವುದೂ ಬೇಡ ಚಾಚಾ, ಬಳ್ಳಾರಿ ಅಂತ ಕನ್ನಡದಲ್ಲಿ ಹೊಲಿರಿ ಅಂದೆ. ಅವರಿಗೆ ಕನ್ನಡ ಬರೆಯೋದು ಅಷ್ಟು ರೂಢಿ ಇಲ್ಲ, ಎಂಟನೇ ಕ್ಲಾಸಿನ ಮೊಮ್ಮಗಳನ್ನ ಕರೆದು ಸೀಮೆಸುಣ್ಣದಲ್ಲಿ ಬರೆಸಿದ್ರು, ಅದರ ಮೇಲೆ ಕಿತ್ತಳೆ ದಾರದಲ್ಲಿ ಮಿಷನ್ ಓಡಿಸಿದ್ರು. ಳ್ಳಾ ಒತ್ತಕ್ಷರ ತಿರುಗಿಸೋವಾಗ ಎರಡು ಸಲ ಬಿಚ್ಚಿ ಮತ್ತೆ ಹೊಲಿದ್ರು. ಮುಂದಿನ ತಿಂಗಳು ಹಡಗು ಹತ್ತಬೇಕು, ಇನ್ನೊಂದು ಪ್ಯಾಂಟಿಗೆ ಅಡ್ವಾನ್ಸ್ ಕೊಟ್ಟು ಬಂದೀನಿ, ಅದಕ್ಕೂ ಅದೇ ಲೇಬಲ್ಲು.