ಕಲಬುರಗಿಯ ಎರಡು ಬೇಸಿಗೆ ದಾಟಿದ ಟ್ಯಾಂಕ್ ಫ್ಯಾನ್

ಕಲಬುರಗಿಯಲ್ಲಿ ಸೀಗಡಿ ಸಾಕುತ್ತೇನೆ ಅಂದರೆ ಜನ ನಗುತ್ತಾರೆ. ಮೇಲಿನ ಮನೆಯ ಕಾಕು ಅಂತೂ "ಸಾರು ಯಾವಾಗ ಮಾಡ್ತೀಯಪ್ಪಾ?" ಅಂತ ಕೇಳುತ್ತಲೇ ಇರುತ್ತಾರೆ.

ನನ್ನದು ಎರಡಡಿಯ ಟ್ಯಾಂಕ್. ಸುಮಾರು 45 ಲೀಟರ್ ನೀರು, ಒಳಗೆ ಕೆಂಪು ಚೆರ್ರಿ ಶ್ರಿಂಪ್ ಅನ್ನುವ ಪುಟ್ಟ ಸಾಕು ಸೀಗಡಿ. ಇವಕ್ಕೆ 20ರಿಂದ 26 ಡಿಗ್ರಿ ಹಿತ. ನಮ್ಮಲ್ಲಿ ಏಪ್ರಿಲ್ ಬಂದರೆ ಹೊರಗೆ 40 ದಾಟುತ್ತದೆ, ಟ್ಯಾಂಕಿನ ನೀರು 32ಕ್ಕೆ ಏರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೊದಲು ಬಾಟಲಿಯಲ್ಲಿ ಐಸ್ ಮಾಡಿ ತೇಲಿಬಿಡುತ್ತಿದ್ದೆ. ಮಧ್ಯಾಹ್ನ 27, ಸಂಜೆ ಮತ್ತೆ 32. ಈ ಏರಿಳಿತವೇ ಅವಕ್ಕೆ ಬಿಸಿಗಿಂತ ಜಾಸ್ತಿ ಕಾಟ ಕೊಟ್ಟಿತು.

ಆಮೇಲೆ ಕೊಂಡದ್ದು ಟ್ಯಾಂಕಿನ ಅಂಚಿಗೆ ಕಚ್ಚಿಸುವ ಯುಎಸ್‌ಬಿ ಫ್ಯಾನ್. ಎರಡು ಚಿಕ್ಕ ರೆಕ್ಕೆ, 900 ರೂಪಾಯಿ. ನೀರಿನ ಮೇಲೆ ಗಾಳಿ ಹಾಯಿಸುತ್ತದೆ, ನೀರು ಆವಿಯಾಗುತ್ತದೆ, ಉಳಿದದ್ದು ತಂಪಾಗುತ್ತದೆ. ಮಣ್ಣಿನ ಗಡಿಗೆಯ ಲೆಕ್ಕವೇ ಇಲ್ಲೂ. ನಮ್ಮ ಒಣ ಸೆಖೆಗೆ ಹೇಳಿ ಮಾಡಿಸಿದ ಹಾಗಿದೆ: 32 ಇದ್ದದ್ದು 28ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಇದೇ ಫ್ಯಾನ್ ಮಂಗಳೂರಿನಲ್ಲಿರುವ ತಂಗಿಯ ಟ್ಯಾಂಕಿಗೆ ಹಾಕಿ ನೋಡಿದೆವು. ಒಂದೂವರೆ ಡಿಗ್ರಿಯೂ ಇಳಿಯಲಿಲ್ಲ. ಅಲ್ಲಿನ ಗಾಳಿಯಲ್ಲೇ ಅಷ್ಟು ತೇವ ಇರುವಾಗ ನೀರು ಆರುವುದೆಲ್ಲಿಂದ? ಕರಾವಳಿಯವರು ಇದನ್ನು ಕೊಳ್ಳಬೇಡಿ. ಕರೆಂಟ್ ಹೋದರೆ ಪವರ್ ಬ್ಯಾಂಕ್ ಮೇಲೆ ಓಡುತ್ತದೆ, ನನಗೆ ಅದೇ ದೊಡ್ಡ ಲಾಭ.

ಈ ಫ್ಯಾನ್ ದಿನಕ್ಕೆ ಒಂದು ಲೀಟರಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ಡಬ್ಬದ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ. ಮೊದಲ ಬೇಸಿಗೆ ನಾನು ಬೋರ್ ನೀರನ್ನೇ ಸುರಿದೆ. ಆವಿಯಾಗುವುದು ನೀರು ಮಾತ್ರ, ಲವಣ ಒಳಗೇ ಉಳಿಯುತ್ತದೆ, ಮೇಲಿಂದ ಬೋರ್ ನೀರಿನ ಲವಣವೂ ಸೇರುತ್ತದೆ. ಮೂರು ವಾರದಲ್ಲಿ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣದ ಅಳತೆ, 220ರಿಂದ 550ಕ್ಕೆ ಏರಿತ್ತು. ಒಂದು ಬೆಳಿಗ್ಗೆ ಪಾಚಿಯ ಮೇಲೆ ದೊಡ್ಡ ಹೆಣ್ಣೊಂದು ಮಗ್ಗುಲಾಗಿ ಬಿದ್ದಿತ್ತು. ಕುತ್ತಿಗೆಯ ಸುತ್ತ ಬಿಳಿ ಗೆರೆ. ಬೆಳೆಯುವಾಗ ಕಳಚಬೇಕಾದ ಪೊರೆ ಅರ್ಧ ಬಿರಿದು ಅಲ್ಲೇ ಸಿಕ್ಕಿಕೊಂಡಿತ್ತು, ಹೊಟ್ಟೆಯ ಕೆಳಗೆ ಮೊಟ್ಟೆ ಹಾಗೇ ಇದ್ದವು. ಆ ವಾರ ಒಂಬತ್ತು ಹೋದವು.

ಈಗ ಆವಿಯಾದಷ್ಟಕ್ಕೆ ಅಡುಗೆಮನೆಯ ಆರ್‌ಓ ನೀರು ಮಾತ್ರ. ವಾರಕ್ಕೊಮ್ಮೆ ನೀರು ಬದಲಿಸುವಾಗ ಬೋರ್ ನೀರನ್ನು ಆರ್‌ಓ ಜೊತೆ ಬೆರೆಸುತ್ತೇನೆ. ಮೇಲಿನ ಶೆಲ್ಫಿನಲ್ಲಿ ಐದು ಲೀಟರ್ ಕ್ಯಾನ್, ಅಲ್ಲಿಂದ ಸಣ್ಣ ಪೈಪು, ತುದಿಗೆ 250 ರೂಪಾಯಿಯ ಫ್ಲೋಟ್ ವಾಲ್ವ್. ಓವರ್‌ಹೆಡ್ ಟ್ಯಾಂಕಿನಲ್ಲಿ ಇರುತ್ತಲ್ಲ, ಅದರ ಮರಿ. ಎರಡು ಮೂರು ದಿನ ಊರಿಗೆ ಹೋದರೂ ಚಿಂತೆ ಇಲ್ಲ. ಒಂದೇ ಸಲ ಕೈಕೊಟ್ಟಿತು: ಬಸವನಹುಳು ಫ್ಲೋಟ್ ಮೇಲೆ ಹತ್ತಿ ಕೂತು ಅದನ್ನು ಕೆಳಗೆ ಒತ್ತಿತ್ತು, ಕ್ಯಾನ್ ಪೂರ್ತಿ ಖಾಲಿ. ಅಂಚಿಗೆ ಎರಡು ಬೆರಳು ಜಾಗ ಬಿಟ್ಟಿದ್ದರಿಂದ ನೆಲ ಒದ್ದೆಯಾಗಲಿಲ್ಲ. 20 ಲೀಟರಿನ ಕ್ಯಾನ್ ಇಟ್ಟಿದ್ದರೆ? ಈಗ ಫ್ಲೋಟ್ ಸುತ್ತ ಜಾಲರಿ ಕಟ್ಟಿದ್ದೇನೆ.

ಫ್ಯಾನಿನ ದೂರುಗಳೂ ಇವೆ. ಗಾಜಿನ ಮುಚ್ಚಳ ತೆಗೆಯಲೇಬೇಕು. ತೆಗೆದ ಮೂರನೇ ದಿನ ಒಳಗೆ ಹಲ್ಲಿ ಈಜುತ್ತಿತ್ತು, ಸೊಳ್ಳೆ ಪರದೆ ಕತ್ತರಿಸಿ ಹೊದಿಸಿದೆ. ಕೋಣೆಯ ಗಾಳಿಯೆಲ್ಲ ನೀರಿಗೇ ಹೊಡೆಯುವುದರಿಂದ ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಎರಡೂ ಬಂದ್. ಆ ಔಷಧಿ ಸೀಗಡಿಗೆ ವಿಷ. ಹದಿನಾಲ್ಕನೇ ತಿಂಗಳಿಗೆ ಒಂದು ರೆಕ್ಕೆ ಗುರ್ರ್ ಅನ್ನತೊಡಗಿತು. ನಮ್ಮೂರ ಧೂಳು, ಅದರ ತಪ್ಪೇನೂ ಇಲ್ಲ. ಬಿಚ್ಚಿ, ಟ್ಯಾಂಕಿನಿಂದ ದೂರ ಒಯ್ದು, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಸುಮ್ಮನಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ನಂಬರು ಆ ಡಬ್ಬಕ್ಕೆ, ನೀರಿನ ಮಾತು ಬರೆಯದಿದ್ದಕ್ಕೆ. ಈ ಮೇ ತಿಂಗಳಲ್ಲಿ ಸತ್ತದ್ದು ಎರಡು. ಮರಿಗಳನ್ನು ಎಣಿಸಲು ಹೋಗಿ ನಲವತ್ತಕ್ಕೆ ಲೆಕ್ಕ ತಪ್ಪಿತು.