ಸ್ಲೈಡ್‌ಶೋ ಹಾಡು: ಎಂಪಿ3, ಎಂ4ಎ, ಓಪಸ್‌ಗಳಲ್ಲಿ ಮೇಲ್‌ಗೆ ಯಾವುದು ಸರಿ?

ಫೋಟೊ ಎಷ್ಟು ಸಣ್ಣ ಮಾಡಿದರೂ ಪವರ್‌ಪಾಯಿಂಟ್ ಸ್ಲೈಡ್‌ಶೋ ಮೇಲ್‌ನಲ್ಲಿ ಹೋಗುತ್ತಿಲ್ಲ ಅಂದರೆ, ಹಾಡಿನ ಫೈಲ್ ಎಷ್ಟಿದೆ ಅಂತ ಒಮ್ಮೆ ನೋಡಿ. ಬಹಳ ಸಲ ಭಾರ ಇರೋದು ಅಲ್ಲೇ. ಕಲಬುರಗಿಯ ನಮ್ಮ ಓಣಿಯ ಭಜನಾ ಮೇಳದವರು ಹಾಡುವ ತತ್ವಪದಗಳನ್ನು ನಾನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇನೆ. ಶರಣಬಸವೇಶ್ವರ ಜಾತ್ರೆಯ ತೇರು, ಮನೆಯ ತೊಟ್ಟಿಲು, ಲಗ್ನ, ಯಾವ ಫೋಟೊ ಇದ್ದರೂ ಅವುಗಳ ಹಿಂದೆ ಆ ಪದಗಳೇ. ಪುಣೆ, ಹೈದರಾಬಾದ್ ಕಡೆ ಇರುವ ನೆಂಟರಿಗೆಲ್ಲ ಮೇಲ್‌ನಲ್ಲೇ ಕಳಿಸುತ್ತೇನೆ. ಒಂದೇ ಪದವನ್ನು ಬೇರೆ ಬೇರೆ ರೂಪದಲ್ಲಿ ಮಾಡಿ, ಕೇಳಿ, ಕಳಿಸಿ ನೋಡಿದ್ದೇನೆ.

ಮೊದಲು ಮಿತಿಯ ವಿಷಯ. ಜಿಮೇಲ್‌ನಲ್ಲಿ 25 ಎಂಬಿ ದಾಟಿದರೆ ಫೈಲ್ ಡ್ರೈವ್ ಲಿಂಕ್ ಆಗಿಬಿಡುತ್ತದೆ. ಹಾಗಂತ 24 ಎಂಬಿ ತುಂಬಿಸಬೇಡಿ. ಮೇಲ್‌ನಲ್ಲಿ ಹೋಗುವಾಗ ಫೈಲ್ ಅಕ್ಷರಗಳಾಗಿ ಬದಲಾಗುತ್ತದೆ. ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. ಅಂದರೆ 18 ಎಂಬಿಯ ಫೈಲ್ ದಾರಿಯಲ್ಲಿ 24 ಎಂಬಿ ಆಗಿರುತ್ತದೆ. ಅದಕ್ಕೇ ನಾನು 18ರ ಮೇಲೆ ಹೋಗೋದಿಲ್ಲ.

ಹಾಡಿನ ಲೆಕ್ಕವೂ ಸುಲಭ. ಒಂದು ಸೆಕೆಂಡ್ ಹಾಡಿಗೆ ಎಷ್ಟು ಕಿಲೋಬಿಟ್ ಖರ್ಚಾಗುತ್ತದೆ ಅನ್ನೋದೇ ಬಿಟ್‌ರೇಟ್. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ, 8ರಿಂದ ಭಾಗಿಸಿದರೆ ಎಷ್ಟು ಕೆಬಿ ಅಂತ ಸಿಗುತ್ತದೆ. ನಾಲ್ಕು ನಿಮಿಷದ ಪದ ಸಿಡಿ ಗುಣಮಟ್ಟದ ವೇವ್ ಫೈಲ್ ಆಗಿದ್ದರೆ ಸುಮಾರು 42 ಎಂಬಿ. ಅದೇ ಪದ 320ರ ಎಂಪಿ3 ಆದರೆ 9.6 ಎಂಬಿ, 128ಕ್ಕೆ ಇಳಿಸಿದರೆ 3.8, 64ಕ್ಕೆ 1.9. ಯಾವ ರೂಪವೇ ಆಗಲಿ, ಬಿಟ್‌ರೇಟ್ ಒಂದೇ ಇದ್ದರೆ ಗಾತ್ರವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ನೋಡಬೇಕಾದ್ದು ಇಷ್ಟೇ: ಎಷ್ಟರ ತನಕ ಇಳಿಸಿದರೆ ಕೇಳಲಿಕ್ಕೆ ಚೆನ್ನಾಗಿರುತ್ತದೆ, ಮತ್ತು ಆ ಕಡೆಯವರ ಕಂಪ್ಯೂಟರ್‌ನಲ್ಲಿ ಓಡುತ್ತದೆಯಾ?

ಎಂಪಿ3ಯನ್ನು 320ರಿಂದ 128ಕ್ಕೆ ತಂದಾಗ ನಮ್ಮ ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೇಳುವವರಿಗೆ 128 ಸಾಕೇ ಸಾಕು. 64ರ ಸ್ಟೀರಿಯೊಗೆ ಇಳಿಸಿದಾಗ ದನಿ ಚೆನ್ನಾಗೇ ಇತ್ತು, ಹಾರ್ಮೋನಿಯಂ ಕೂಡ ಪರವಾಗಿಲ್ಲ. ಕೆಟ್ಟಿದ್ದು ತಾಳ. ಮೇಳದಲ್ಲೇ ಹಾಡುವ ನಮ್ಮ ಕಾಕಿ ಒಂದು ನುಡಿ ಕೇಳಿ, "ತಾಳದ ಸಪ್ಪಳ ಹಿಂಗ್ಯಾಕ ಬರ್ಲಾಕತ್ತದ? ನೀರಾಗ ಬಡದಂಗ ಆಗ್ಯಾದ" ಅಂದರು. ಕಾಕಿಯ ಕಿವಿ ಭಾರಿ ಚುರುಕು. ಬಿಟ್‌ರೇಟ್ ಕಡಿಮೆಯಾದಂತೆ ಎಂಪಿ3ಯಲ್ಲಿ ಮೊದಲು ಹೋಗೋದು ತುಂಬಾ ತಾರಕದ ಸದ್ದು. ತಾಳದ ಝಣಝಣ ಇರೋದೇ ಅಲ್ಲಿ.

ಅದೇ 64ನ್ನು ಮೋನೊದಲ್ಲಿ ಮಾಡಿ ನೋಡಿ. ಸ್ಟೀರಿಯೊ ಆದರೆ ಆ 64ನ್ನು ಎಡಕ್ಕೂ ಬಲಕ್ಕೂ ಹಂಚಬೇಕು, ಮೋನೊದಲ್ಲಿ ಅಷ್ಟೂ ಒಂದಕ್ಕೇ ಸಿಗುತ್ತದೆ. ಗಾತ್ರ ಅಷ್ಟೇ, ತಾಳ ಮಾತ್ರ ಮತ್ತೆ ತಾಳದ ಹಾಗೆ ಕೇಳಿಸಿತು. ಮೇಳದ ಮುಂದೆ ಒಂದು ಫೋನ್ ಇಟ್ಟು ಮಾಡಿದ ರೆಕಾರ್ಡಿಂಗ್‌ನಲ್ಲಿ ಎಡಬಲದ ವ್ಯತ್ಯಾಸ ಹೇಗೂ ಅಷ್ಟಕ್ಕಷ್ಟೇ, ಅಲ್ವಾ? ಸದ್ದು ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಮೋನೊ ಆರಿಸಿದರೆ ಆಯ್ತು. ದನಿ, ಹಾರ್ಮೋನಿಯಂ, ತಾಳ ಇಷ್ಟೇ ಇರುವ ಪದಕ್ಕೆ ನನ್ನ ಆಯ್ಕೆ ಇದೇ.

ಎಂ4ಎ, ಅಂದರೆ ಎಎಸಿ, ಕಿವಿಗೆ ಎಂಪಿ3ಗಿಂತ ಒಳ್ಳೆಯದು. ಇದರಲ್ಲಿ 96 ಇಟ್ಟರೆ ಎಂಪಿ3ಯ 128ಕ್ಕೆ ಸಮ ಅನಿಸುತ್ತದೆ. ಆದರೆ ಎರಡು ತೊಡಕು. ವಿಂಡೋಸ್‌ನಲ್ಲಿ ಆಡಾಸಿಟಿಯಿಂದ ಎಂ4ಎ ತೆಗೆಯಲು ಎಫ್ಎಫ್ಎಂಪೆಗ್ ಅನ್ನೋ ಇನ್ನೊಂದು ತಂತ್ರಾಂಶ ಬೇರೆ ಹಾಕಿಕೊಳ್ಳಬೇಕು. ಎರಡನೆಯದು ದೊಡ್ಡದು: ನಿವೃತ್ತರಾದ ನಮ್ಮ ಮಾಮಾನ ಹಳೆ ಕಂಪ್ಯೂಟರ್‌ನಲ್ಲಿ ಫೋಟೊ ಒಂದಾದ ಮೇಲೊಂದು ಬಂದವು, ಹಾಡು ಬರಲೇ ಇಲ್ಲ. ನೋಡುವವರೆಲ್ಲರ ಹತ್ತಿರ ಹೊಸ ಫೋನು, ಹೊಸ ಕಂಪ್ಯೂಟರ್ ಇದ್ದರೆ ಎಂ4ಎ ಧಾರಾಳವಾಗಿ ಬಳಸಿ.

ಓಪಸ್ ಕೇಳಿ ನಾನು ಬೆರಗಾದೆ. 2012ರಲ್ಲಿ ಮಾನಕವಾದ ರೂಪ ಇದು, ವಾಟ್ಸಾಪ್ ದನಿ ಸಂದೇಶಗಳು ಬರೋದೂ ಇದರಲ್ಲೇ. 32ರ ಮೋನೊದಲ್ಲಿ ನಾಲ್ಕು ನಿಮಿಷದ ಪದ 1 ಎಂಬಿಯೊಳಗೆ ಬಂತು, ದನಿ ಸ್ವಚ್ಛ. ಆದರೆ ಪವರ್‌ಪಾಯಿಂಟ್‌ಗೆ ಎಂಪಿ3, ಎಂ4ಎ, ವೇವ್ ನಡೆಯುತ್ತವೆ, ಓಪಸ್ ನಡೆಯುವುದಿಲ್ಲ. ಹಾಡನ್ನಷ್ಟೇ ಕಳಿಸುವುದಾದರೆ ಓಪಸ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಸ್ಲೈಡ್‌ಶೋ ಕೆಲಸಕ್ಕೆ ಅದು ಬೇಡ.

ಮಿಡಿ ಫೈಲ್ ಕೆಲವೇ ಕೆಬಿ ಇರುತ್ತದೆ, ಆದರೆ ಅದರಲ್ಲಿ ಬರೀ ಸ್ವರಗಳ ಸೂಚನೆ ಇರುತ್ತದೆ, ಮನುಷ್ಯರ ದನಿ ಬರೋದಿಲ್ಲ. ಎಂಪಿ3ಯನ್ನು ಜಿಪ್ ಮಾಡಿದರೂ ಏನೂ ಉಳಿಯೋದಿಲ್ಲ, ಸುಮ್ನೆ ಶ್ರಮ.

ಇವೆಲ್ಲದರ ಜೊತೆ ಕತ್ತರಿಸುವುದರಲ್ಲೂ ಬಹಳ ಉಳಿತಾಯ ಆಗುತ್ತದೆ. 40 ಫೋಟೊ, ಒಂದೊಂದಕ್ಕೆ 5 ಸೆಕೆಂಡ್ ಅಂದರೆ 200 ಸೆಕೆಂಡ್ ಆಯ್ತು. ಏಳೆಂಟು ನಿಮಿಷದ ಪದ ಪೂರ್ತಿ ಯಾಕೆ ಬೇಕು? ಪಲ್ಲವಿ, ಎರಡು ನುಡಿ ಇಟ್ಟುಕೊಂಡು, ನುಡಿ ಮುಗಿದು ತಾಳ ನಿಲ್ಲುವ ಜಾಗದಲ್ಲಿ ಕತ್ತರಿಸಿ, ಕೊನೆಯ ಮೂರು ಸೆಕೆಂಡ್ ಫೇಡ್ ಔಟ್ ಕೊಡಿ. ಮಾತಿನ ನಡುವೆ ಮಾತ್ರ ಕತ್ತರಿಸಬೇಡಿ, ಹಾಡಿದವರಿಗೆ ನೋವಾಗುತ್ತದೆ. ಈ ಕೆಲಸವನ್ನು ಸ್ಲೈಡ್‌ಗೆ ಸೇರಿಸುವ ಮೊದಲೇ ಮುಗಿಸಿ. ಸ್ಲೈಡ್ ಒಳಗೆ ಟ್ರಿಮ್ ಮಾಡಿದರೆ ಉಳಿದ ಹಾಡು ಮರೆಯಾಗುತ್ತದೆ ಅಷ್ಟೇ, ಫೈಲ್‌ನಲ್ಲಿ ಹಾಗೇ ಕೂತಿರುತ್ತದೆ. ಕತ್ತರಿಸೋದು ಯಾವಾಗಲೂ ಮೂಲ ರೆಕಾರ್ಡಿಂಗ್‌ನಿಂದ ಆಗಲಿ. ಎಂಪಿ3ಯಿಂದ ಮತ್ತೆ ಎಂಪಿ3 ಮಾಡಿದಷ್ಟೂ ಸದ್ದು ಸವೆಯುತ್ತದೆ.

64ರ ಮೋನೊದಲ್ಲಿ ಆ 200 ಸೆಕೆಂಡ್ 1.6 ಎಂಬಿ. 18ರಲ್ಲಿ ಅದು ಹೋದರೆ ಫೋಟೊ ಒಂದಕ್ಕೆ 400 ಕೆಬಿ ಸಿಗುತ್ತದೆ, ತೇರಿನ ಮುಂದಿನ ಮುಖಗಳೂ ನಿಚ್ಚಳವಾಗಿ ಕಾಣುತ್ತವೆ. ಲಗ್ನದ ಬ್ಯಾಂಡು, ಡೊಳ್ಳು ಇರುವ ರೆಕಾರ್ಡಿಂಗ್ ಆದರೆ ನಾನು 128ರ ಸ್ಟೀರಿಯೊಗೇ ಹೋಗುತ್ತೇನೆ. 3.2 ಎಂಬಿ ಆಗುತ್ತದೆ, ಆಗಲಿ, ಫೋಟೊ ನಾಲ್ಕು ಕಡಿಮೆ ಹಾಕಿದರಾಯ್ತು.