ಮುಖ್ಯ ಭಾಷಣ: ಬೆಳಿಗ್ಗೆ 11ಕ್ಕೋ, ಸಂಜೆ 6ಕ್ಕೋ?

ಪಕ್ಷದ ಸಮಾವೇಶದಲ್ಲಿ ನಾಯಕರ ಭಾಷಣವನ್ನು ಬೆಳಿಗ್ಗೆ 11ಕ್ಕೆ ಇಟ್ಟರೆ ವರದಿಗಾರರಿಗೆ ಬರೆಯಲು, ಫೋಟೊ ಆರಿಸಲು ಪುರುಸೊತ್ತು ಸಿಗುತ್ತದೆ. ಎದುರಾಳಿಗಳಿಗೂ ಸಿಗುತ್ತದೆ ಎಂಬುದೇ ತೊಂದರೆ: ಸಂಜೆಯೊಳಗೆ ಭಾಷಣ ಹಳತಾಗಿ, ಮರುದಿನದ ಪತ್ರಿಕೆಯಲ್ಲಿ ಅವರ ಪ್ರತಿಕ್ರಿಯೆಯೇ ತಲೆಬರಹವಾಗಬಹುದು.

ಸಂಜೆ 6ಕ್ಕಾದರೆ ಸುದ್ದಿ ತಾಜಾ. ಆದರೆ ಸ್ವಾಗತ, ಪರಿಚಯಗಳಲ್ಲೇ ಒಂದು ಗಂಟೆ ಜಾರಿದರೆ (ಜಾರದ ಸಭೆ ಅಪರೂಪ) ದೂರದ ಊರುಗಳ ಆವೃತ್ತಿ ಕೈತಪ್ಪುತ್ತದೆ; ಸಾಗಾಟಕ್ಕೆ ಹೊತ್ತು ಬೇಕಾದ್ದರಿಂದ ಅದರ ಪುಟಗಳು ನಗರ ಆವೃತ್ತಿಗಿಂತ ಮೊದಲೇ ಮುಗಿಯುತ್ತವೆ. ಸಂಜೆಯೇ ಬೇಕಿದ್ದರೆ, ಭಾಷಣ ಮುಗಿಯುವವರೆಗೆ ಪ್ರಕಟಿಸಬಾರದೆಂಬ ಷರತ್ತಿನ ಮೇಲೆ ಅದರ ಪ್ರತಿಯನ್ನು ಎರಡು ಗಂಟೆ ಮುಂಚೆ ಕೊಡಿ. ನಾಯಕರು ಬರೆದದ್ದನ್ನು ಬಿಟ್ಟು ಮಾತಾಡುವವರಾದರೆ ಪ್ರತಿ ಕೊಡುವುದೇ ಅಪಾಯ, ಬೆಳಿಗ್ಗೆಯೇ ಮೇಲು. ಎರಡರಲ್ಲಿ ಯಾವುದಾದರೂ ಸರಿ, ಮುಖ್ಯ ನಿರ್ಣಯಗಳನ್ನು ಅದೇ ದಿನ ಮಂಡಿಸಬೇಡಿ. ಅವು ಒಳಪುಟ ಸೇರುತ್ತವೆ.